ಮನೆಯಿಂದ ಮತವೋ, ಮತಗಟ್ಟೆಗೆ ಹೋಗುವುದೋ? ವಾರಗಳ ಮೊದಲೇ ತೀರ್ಮಾನಿಸಿ

ಮತದಾನಕ್ಕೆ ಇನ್ನೆರಡು ದಿನ ಇರುವಾಗ ಎಷ್ಟೋ ಮನೆಗಳಲ್ಲಿ ಈ ಮಾತು ಬರುತ್ತದೆ: "ಅಜ್ಜನಿಗೆ ಈ ಸಲ ಮನೆಯಲ್ಲೇ ವೋಟ್ ಹಾಕಿಸೋಣ, ಅಧಿಕಾರಿಗಳು ಮನೆಗೇ ಬರ್ತಾರಂತೆ." ಬರುತ್ತಾರೆ, ನಿಜ. ಆದರೆ ಅದಕ್ಕೆ ಅರ್ಜಿ ಹಾಕುವ ಗಡುವು ಆಗಲೇ ವಾರಗಳ ಹಿಂದೆ ಮುಗಿದಿರುತ್ತದೆ. ಆಮೇಲೆ ಯಾರನ್ನು ಕೇಳಿಕೊಂಡರೂ ಪ್ರಯೋಜನವಿಲ್ಲ. ಅಜ್ಜನನ್ನು ಮತಗಟ್ಟೆಗೆ ಕರೆದುಕೊಂಡು ಹೋಗಬೇಕು, ಇಲ್ಲಾ ಆ ಮತ ಹೋಯಿತು ಅಂತಲೇ ಲೆಕ್ಕ.

ಒಂದು ಮತಕ್ಕೆ ಇಷ್ಟೊಂದು ಯೋಚನೆ ಬೇಕಾ ಅಂತ ಅನ್ನಿಸಿದರೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. 2004ರ ವಿಧಾನಸಭಾ ಚುನಾವಣೆಯಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಗೆದ್ದಿದ್ದು ಒಂದೇ ಒಂದು ಮತದಿಂದ. 2023ರಲ್ಲಿ ಬೆಂಗಳೂರಿನ ಜಯನಗರದ ಫಲಿತಾಂಶ 16 ಮತಗಳಲ್ಲಿ ನಿರ್ಧಾರವಾಯಿತು. ಅಲ್ಲಿ ಜಗಳ ನಡೆದದ್ದೂ ಅಂಚೆ ಮತಗಳ ವಿಷಯಕ್ಕೇ. ಮನೆಯಿಂದ ಹಾಕುವ ಮತವೂ ಅಂಚೆ ಮತದ ಲೆಕ್ಕಕ್ಕೇ ಸೇರುತ್ತದೆ.

ಈ ಲೇಖನ ಲೋಕಸಭೆ ಮತ್ತು ವಿಧಾನಸಭೆ ಚುನಾವಣೆಗಳಿಗೆ ಮಾತ್ರ. ಪಂಚಾಯಿತಿ, ನಗರಸಭೆ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ. ಅದರ ನಿಯಮಗಳೇ ಬೇರೆ.

ಮೊದಲು ನೋಡಿ: ನಿಮಗೆ ಆಯ್ಕೆ ಇದೆಯಾ?

ನಮ್ಮ ದೇಶದಲ್ಲಿ ಬೇಕೆಂದವರೆಲ್ಲ ಅಂಚೆ ಮತಪತ್ರ ತರಿಸಿಕೊಳ್ಳುವ ಹಾಗಿಲ್ಲ. ಸಾಮಾನ್ಯ ಮತದಾರರಲ್ಲಿ ಎರಡು ಗುಂಪಿಗೆ ಮಾತ್ರ ಮನೆಯಿಂದ ಮತ ಹಾಕುವ ಅವಕಾಶ ಇದೆ. ಒಂದು, 85 ವರ್ಷ ದಾಟಿದವರು. ಇನ್ನೊಂದು, ಶೇಕಡಾ 40 ಅಥವಾ ಅದಕ್ಕಿಂತ ಜಾಸ್ತಿ ಅಂಗವೈಕಲ್ಯ ಇದೆ ಎಂಬ ಪ್ರಮಾಣಪತ್ರ ಇರುವವರು.

ವಯಸ್ಸಿನ ವಿಷಯದಲ್ಲಿ ಇನ್ನೂ ಗೊಂದಲ ಇದೆ. 2023ರ ಮೇ ತಿಂಗಳಲ್ಲಿ ಕರ್ನಾಟಕದಲ್ಲಿ ವಿಧಾನಸಭೆಗೆ ಮನೆಯಿಂದ ಮತದಾನ ಮೊದಲ ಬಾರಿ ನಡೆದಾಗ ಮಿತಿ 80 ವರ್ಷ ಇತ್ತು. 2024ರ ಮಾರ್ಚ್‌ನಲ್ಲಿ ನಿಯಮ ತಿದ್ದಿ ಅದನ್ನು 85ಕ್ಕೆ ಏರಿಸಿದರು. ಹಾಗಾಗಿ 2023ರಲ್ಲಿ ಮನೆಯಲ್ಲೇ ಮತ ಹಾಕಿದ 81, 82 ವರ್ಷದವರು ಮುಂದಿನ ವರ್ಷದ ಲೋಕಸಭಾ ಚುನಾವಣೆಯಲ್ಲಿ ಮತಗಟ್ಟೆಗೇ ಹೋಗಬೇಕಾಯಿತು. "ಹೋದ ಸಲ ಬಂದಿದ್ದರಲ್ವಾ, ಈ ಸಲವೂ ಬರ್ತಾರೆ" ಎಂದು ಕಾಯಬೇಡಿ.

ಇಲ್ಲಿ ಲೆಕ್ಕಕ್ಕೆ ಬರುವುದು ಮತದಾರರ ಪಟ್ಟಿಯಲ್ಲಿ ಇರುವ ವಯಸ್ಸು. ನಮ್ಮ ಹಿರಿಯರಲ್ಲಿ ತುಂಬಾ ಜನರ ವಯಸ್ಸು ಯಾವತ್ತೋ ಅಂದಾಜಿನಲ್ಲಿ ಬರೆಸಿದ್ದು. ಮನೆಯವರ ಲೆಕ್ಕದಲ್ಲಿ 87 ಇದ್ದು, ಪಟ್ಟಿಯಲ್ಲಿ 83 ಅಂತ ಇದ್ದರೆ ಅರ್ಜಿ ನಿಲ್ಲುವುದು ಕಷ್ಟ. ದಾಖಲೆ ಇದ್ದರೆ ನಮೂನೆ 8ರಲ್ಲಿ ತಿದ್ದುಪಡಿ ಕೇಳಬಹುದು. ಅಂಗವೈಕಲ್ಯ ಇರುವವರೂ ಅದನ್ನು ಪಟ್ಟಿಯಲ್ಲಿ ನಮೂದಿಸಲು ಇದೇ ನಮೂನೆ ಬಳಸಬೇಕು. ಈ ಕೆಲಸ ಚುನಾವಣೆ ಇಲ್ಲದ ಸಮಯದಲ್ಲಿ ಮಾಡಿಸಿ. ಆಗ ಬಿಎಲ್‌ಒ (ನಿಮ್ಮ ಮತಗಟ್ಟೆಯ ಮತದಾರರ ಪಟ್ಟಿ ನೋಡಿಕೊಳ್ಳುವ ಸಿಬ್ಬಂದಿ) ಕೂಡ ನಿಮ್ಮ ಮಾತು ಕೇಳುವಷ್ಟು ಬಿಡುವಾಗಿರುತ್ತಾರೆ.

ಇವರನ್ನು ಬಿಟ್ಟರೆ ಅಂಚೆ ಮತಪತ್ರ ಇರುವುದು ಸೇನೆಯಲ್ಲಿ ಇರುವವರಿಗೆ, ಚುನಾವಣಾ ಕೆಲಸಕ್ಕೆ ಹೋಗುವವರಿಗೆ, ಕೇಂದ್ರ ಚುನಾವಣಾ ಆಯೋಗ ಹೆಸರಿಸಿದ ಅಗತ್ಯ ಸೇವೆಗಳಲ್ಲಿ ಆ ದಿನ ಕರ್ತವ್ಯದಲ್ಲಿ ಇರುವವರಿಗೆ ಮತ್ತು ಮುಂಜಾಗ್ರತಾ ಬಂಧನದಲ್ಲಿ ಇರುವವರಿಗೆ. ಅವರ ವಿಷಯಕ್ಕೆ ಮುಂದೆ ಬರುತ್ತೇನೆ.

ಗಡುವು ಲೆಕ್ಕ ಹಾಕುವುದು ಹೇಗೆ

ಚುನಾವಣೆ ಘೋಷಣೆ ಬೇರೆ, ಅಧಿಸೂಚನೆ ಬೇರೆ. ದೆಹಲಿಯಲ್ಲಿ ಆಯೋಗ ಪತ್ರಿಕಾಗೋಷ್ಠಿ ಮಾಡಿ ದಿನಾಂಕ ಹೇಳುತ್ತದಲ್ಲ, ಅದು ಘೋಷಣೆ. ನಿಮ್ಮ ಕ್ಷೇತ್ರದಲ್ಲಿ ನಾಮಪತ್ರ ಸಲ್ಲಿಕೆ ಶುರುವಾಗುವ ದಿನ ಹೊರಡುವುದು ಅಧಿಸೂಚನೆ. ಮನೆಯಿಂದ ಮತ ಹಾಕಲು ಕೊಡಬೇಕಾದ ನಮೂನೆ 12ಡಿ, ಅಧಿಸೂಚನೆಯಾದ ಐದು ದಿನಗಳೊಳಗೆ ಚುನಾವಣಾಧಿಕಾರಿಗೆ ತಲುಪಿರಬೇಕು.

2024ರ ಲೋಕಸಭಾ ಚುನಾವಣೆಯನ್ನೇ ನೋಡಿ. ಘೋಷಣೆ ಆದದ್ದು ಮಾರ್ಚ್ 16ಕ್ಕೆ. ಕರ್ನಾಟಕದ ಮೊದಲ ಹಂತದ 14 ಕ್ಷೇತ್ರಗಳಿಗೆ ಅಧಿಸೂಚನೆ ಬಂದದ್ದು ಮಾರ್ಚ್ 28ಕ್ಕೆ. ಮತದಾನ ಏಪ್ರಿಲ್ 26ಕ್ಕೆ. ಅಂದರೆ ಏಪ್ರಿಲ್ ಆರಂಭದಲ್ಲೇ ಮನೆ ಮತದಾನದ ಬಾಗಿಲು ಮುಚ್ಚಿತು. ಆಗಿನ್ನೂ ನಾಮಪತ್ರ ವಾಪಸ್ ಪಡೆಯುವ ದಿನವೂ ಬಂದಿರಲಿಲ್ಲ. ಕಣದಲ್ಲಿ ಯಾರು ಉಳಿಯುತ್ತಾರೆ ಅಂತ ಗೊತ್ತಾಗುವ ಮೊದಲೇ, ಎಲ್ಲಿಂದ ಮತ ಹಾಕುತ್ತೀರಿ ಅಂತ ನೀವು ತೀರ್ಮಾನಿಸಿರಬೇಕು. ಹೆಚ್ಚಿನ ಜನ ಎಡವುವುದು ಇಲ್ಲೇ. ಪ್ರಚಾರ ಜೋರಾದ ಮೇಲೆ ಚುನಾವಣೆ ನೆನಪಾಗುತ್ತದೆ. ಅಷ್ಟು ಹೊತ್ತಿಗೆ ತಡವಾಗಿರುತ್ತದೆ.

ಇಷ್ಟು ಮಾಡಿ ಸಾಕು: ಘೋಷಣೆಯ ಸುದ್ದಿ ಬಂದ ವಾರವೇ ಮನೆಯಲ್ಲಿ ಕೂತು ಮಾತಾಡಿ.

ಯಾವುದು ಒಳ್ಳೆಯದು?

ಈ ನಿರ್ಧಾರ ಮತದಾರರದ್ದು. ಮಗನದ್ದಲ್ಲ, ಸೊಸೆಯದ್ದಲ್ಲ. ನಡೆಯಲು ಕಷ್ಟಪಡುವ ಎಷ್ಟೋ ಹಿರಿಯರಿಗೆ ಮತಗಟ್ಟೆಗೆ ಹೋಗಿ ಬೆರಳಿಗೆ ಶಾಯಿ ಹಾಕಿಸಿಕೊಳ್ಳುವುದು ದೊಡ್ಡ ವಿಷಯ. ಊರಿನವರ ಮುಖ ನೋಡುವ ಅವಕಾಶವೂ ಹೌದು. "ಸುಮ್ನೆ ಯಾಕೆ ತೊಂದರೆ, ಮನೆಗೇ ಬರ್ತಾರೆ" ಎಂದು ನಾವೇ ಅರ್ಜಿ ತುಂಬಿ ಸಹಿ ಹಾಕಿಸಿಕೊಂಡರೆ ಅವರ ಆಸೆ ಏನಿತ್ತು ಅಂತ ಕೇಳಿದಂತೆ ಆಗುವುದಿಲ್ಲ. ಮೊದಲು ಕೇಳಿ. ಅವರು ಹೋಗುತ್ತೇನೆ ಎಂದರೆ ಹೇಗೆ ಕರೆದುಕೊಂಡು ಹೋಗಬಹುದು ಅಂತ ಯೋಚಿಸಿ.

ಎರಡನೆಯದು, ಒಮ್ಮೆ ನಮೂನೆ 12ಡಿ ಒಪ್ಪಿಗೆಯಾದರೆ ವಾಪಸ್ ಬರಲು ದಾರಿ ಇಲ್ಲ. ಮತಗಟ್ಟೆಯ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಅಂಚೆ ಮತಪತ್ರದ ಗುರುತು ಬೀಳುತ್ತದೆ. ಆಮೇಲೆ ಮನೆಗೆ ಬಂದ ತಂಡಕ್ಕೆ ಅವರು ಸಿಗದಿದ್ದರೂ ಮತದಾನದ ದಿನ ಮತಗಟ್ಟೆಯಲ್ಲಿ ಮತ ಹಾಕಲು ಬಿಡುವುದಿಲ್ಲ. "ಎರಡೂ ಇರಲಿ, ಆ ದಿನ ನೋಡೋಣ" ಎನ್ನುವುದು ಇಲ್ಲಿ ನಡೆಯುವುದಿಲ್ಲ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮತದಾರರ ಸ್ಥಿತಿ ನೋಡಿ. ಹಾಸಿಗೆ ಹಿಡಿದವರು, ಮೆಟ್ಟಿಲು ಇಳಿಸಲು ಇಬ್ಬರು ಎತ್ತಬೇಕಾದವರು, ಆಮ್ಲಜನಕ ಅಥವಾ ಕ್ಯಾತಿಟರ್ ಹಾಕಿಕೊಂಡಿರುವವರು, ಮನೆಯಿಂದ ಹೊರಗೆ ಹೋದರೆ ಗಾಬರಿಯಾಗುವವರು, ಇವರಿಗೆಲ್ಲ ಮನೆಯೇ ಸರಿ. ಇದರಲ್ಲಿ ಎರಡು ಮಾತಿಲ್ಲ. ನಮ್ಮಲ್ಲಿ ಈಚಿನ ಚುನಾವಣೆಗಳು ನಡೆದದ್ದು ಏಪ್ರಿಲ್, ಮೇ ತಿಂಗಳಲ್ಲಿ. ಕಲಬುರಗಿ, ರಾಯಚೂರಿನ ಬಿಸಿಲಿನಲ್ಲಿ ವಯಸ್ಸಾದವರನ್ನು ಹೊರಗೆ ಕರೆದುಕೊಂಡು ಹೋಗುವುದು ಸಣ್ಣ ಅಪಾಯವಲ್ಲ.

ಕೋಲು ಹಿಡಿದು ನಡೆಯುವವರು, ಗಾಲಿಕುರ್ಚಿಯಲ್ಲಿ ಆರಾಮಾಗಿ ಕೂರುವವರು, ಕಾರಿನಲ್ಲಿ ಹೋಗಿ ಬರಲು ಆಗುವವರು ಇದ್ದರೆ ನಾನು ಮತಗಟ್ಟೆಯನ್ನೇ ಹೇಳುತ್ತೇನೆ. ಅದಕ್ಕೆ ಕಾರಣ ಇದೆ. ಮತಯಂತ್ರದಲ್ಲಿ ಅಭ್ಯರ್ಥಿಯ ಹೆಸರು, ಫೋಟೊ, ಚಿಹ್ನೆ ಎಲ್ಲ ಇರುತ್ತದೆ. ಗುಂಡಿ ಒತ್ತಿದರೆ ವಿವಿಪ್ಯಾಟ್ (ಮತ ಯಾರಿಗೆ ಬಿತ್ತು ಎಂದು ಚೀಟಿಯಲ್ಲಿ ತೋರಿಸುವ ಯಂತ್ರ) ಗಾಜಿನ ಹಿಂದೆ 7 ಸೆಕೆಂಡ್ ಚೀಟಿ ಕಾಣುತ್ತದೆ. ಯಂತ್ರದಲ್ಲಿ ಇಬ್ಬರಿಗೆ ಗುರುತು ಹಾಕುವ, ಸಹಿ ಮರೆಯುವ, ಲಕೋಟೆ ಅದಲು ಬದಲಾಗುವ ಪ್ರಶ್ನೆಯೇ ಇಲ್ಲ. ಕಾಗದದ ಮತಪತ್ರ ಅಸಿಂಧು ಆಗಬಹುದು. ಇನ್ನೊಂದು ವಿಷಯ, ಮನೆ ಮತದಾನ ಕೆಲವು ದಿನ ಮೊದಲೇ ಮುಗಿಯುತ್ತದೆ. ಕೊನೆ ವಾರದ ಬೆಳವಣಿಗೆ ನೋಡಿ ತೀರ್ಮಾನಿಸುವವರಿಗೆ ಅದು ಸರಿಹೋಗುವುದಿಲ್ಲ.

ಕಷ್ಟದ ಪ್ರಶ್ನೆ ನಡುವಿನವರದ್ದು. ಇವತ್ತು ಚೆನ್ನಾಗಿರುತ್ತಾರೆ, ನಾಳೆ ಎದ್ದೇಳುವುದೇ ಇಲ್ಲ, ಇಂಥವರು. ಡಯಾಲಿಸಿಸ್‌ಗೆ ಹೋಗುವವರು, ಉಸಿರಾಟದ ತೊಂದರೆ ಇರುವವರು, ಪಾರ್ಕಿನ್ಸನ್ ಇರುವವರು. ನನ್ನ ಸಲಹೆ, ಅನುಮಾನ ಇದ್ದರೆ ಮನೆಯನ್ನೇ ಆರಿಸಿ. ಮತಗಟ್ಟೆಗೆ ಇರುವುದು ಒಂದೇ ದಿನ. ಆ ದಿನವೇ ಆರೋಗ್ಯ ಕೈಕೊಟ್ಟರೆ ಮತ ಹೋಯಿತು. ಮನೆಗಾದರೆ ತಂಡ ಮೊದಲ ಸಲ ಬಂದಾಗ ಆಗದಿದ್ದರೆ ಎರಡನೇ ಸಲ ಬರುತ್ತದೆ.

ಇದಕ್ಕೆ ಒಂದು ಅಪವಾದ ಇದೆ. ಅಮ್ಮ ಎರಡು ತಿಂಗಳು ಶಿವಮೊಗ್ಗದ ಮಗನ ಮನೆಯಲ್ಲಿ, ಎರಡು ತಿಂಗಳು ಮೈಸೂರಿನ ಮಗಳ ಮನೆಯಲ್ಲಿ ಇರುತ್ತಾರೆ, ಮತ ಇರುವುದು ಶಿವಮೊಗ್ಗದಲ್ಲಿ ಎಂದಿಟ್ಟುಕೊಳ್ಳಿ. ಮೈಸೂರಿಗೆ ಯಾವ ತಂಡವೂ ಬರುವುದಿಲ್ಲ. ಮನೆ ಮತದಾನ ಆರಿಸಿದರೆ, ತಂಡ ಬರುವ ದಿನಗಳಲ್ಲಿ ಅವರು ಶಿವಮೊಗ್ಗದಲ್ಲೇ ಇರಬೇಕು. ಆ ದಿನ ಯಾವುದು ಅಂತ ನೀವು ನಿರ್ಧರಿಸುವಂತಿಲ್ಲ. ಇಂಥ ಕುಟುಂಬಗಳಿಗೆ ಮತದಾನದ ಒಂದು ದಿನಕ್ಕೆ ಊರಿಗೆ ಹೋಗಿ ಬರುವುದೇ ಸುಲಭ ಇರಬಹುದು.

ಮನೆಯಿಂದ ಎಂದು ತೀರ್ಮಾನಿಸಿದರೆ

ಬಿಎಲ್‌ಒ ನಮೂನೆ 12ಡಿ ಹಿಡಿದು ಮನೆಗೆ ಬರಬೇಕು. ಬರದಿದ್ದರೆ ನೀವೇ ಅವರಿಗೆ ಫೋನ್ ಮಾಡಿ, ಅಥವಾ ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡಿ ಬಿಎಲ್‌ಒ ನಂಬರ್ ತೆಗೆದುಕೊಳ್ಳಿ. ನಮೂನೆಯಲ್ಲಿ ಹೆಸರು, ಪಟ್ಟಿಯ ಭಾಗ ಸಂಖ್ಯೆ, ಕ್ರಮ ಸಂಖ್ಯೆ, ವಿಳಾಸ ತುಂಬಬೇಕು. ನಿಮ್ಮ ಫೋನ್ ನಂಬರ್ ತಪ್ಪದೇ ಬರೆಯಿರಿ, ಯಾವಾಗಲೂ ಎತ್ತುವ ನಂಬರ್ ಆಗಿರಲಿ. ಅಂಗವೈಕಲ್ಯದ ಮೇಲೆ ಕೇಳುತ್ತಿದ್ದರೆ ಪ್ರಮಾಣಪತ್ರದ ಪ್ರತಿ ಲಗತ್ತಿಸಿ. ಕೊಟ್ಟ ಮೇಲೆ ಸ್ವೀಕೃತಿ ಕೇಳಿ ಪಡೆಯಿರಿ. ಮುಂದೆ ಏನಾದರೂ ತಕರಾರು ಬಂದರೆ ಕೈಯಲ್ಲಿ ಇರುವುದು ಆ ಚೀಟಿ ಮಾತ್ರ.

ತಂಡ ಬರುವ ದಿನ, ಹೊತ್ತು ಮೊದಲೇ ತಿಳಿಸುತ್ತಾರೆ. ಇಬ್ಬರು ಮತಗಟ್ಟೆ ಅಧಿಕಾರಿಗಳು, ವಿಡಿಯೊ ತೆಗೆಯುವವರು, ಜೊತೆಗೆ ಪೊಲೀಸ್ ಇರುತ್ತಾರೆ. ಅಭ್ಯರ್ಥಿಗಳ ಕಡೆಯವರಿಗೂ ಈ ವೇಳಾಪಟ್ಟಿ ಕೊಡಲಾಗುತ್ತದೆ, ಅವರೂ ಬಂದು ನೋಡಬಹುದು. ಇಷ್ಟು ಜನ ಒಟ್ಟಿಗೆ ಮನೆಗೆ ಬಂದರೆ ವಯಸ್ಸಾದವರು ಬೆದರುವುದು ಸಹಜ. ಹಿಂದಿನ ದಿನವೇ ಅವರಿಗೆ ವಿವರಿಸಿ ಹೇಳಿ: ಯಾರು ಬರುತ್ತಾರೆ, ಏನು ಕೊಡುತ್ತಾರೆ, ಏನು ಮಾಡಬೇಕು. ಕನ್ನಡಕ, ಶ್ರವಣಯಂತ್ರ, ಗುರುತಿನ ಚೀಟಿ ಕೈಗೆ ಸಿಗುವಂತೆ ಇಡಿ. ಬೆಳಕು ಚೆನ್ನಾಗಿ ಬೀಳುವ ಕಡೆ ಮೇಜು ಹಾಕಿ.

ಮತ ಹಾಕುವ ಕ್ರಮ ಹೀಗಿರುತ್ತದೆ. ಗುರುತಿನ ಚೀಟಿ ನೋಡಿ ಸಹಿ ಅಥವಾ ಹೆಬ್ಬೆಟ್ಟು ತೆಗೆದುಕೊಳ್ಳುತ್ತಾರೆ. ಮತಪತ್ರದ ಜೊತೆ ಒಂದು ಘೋಷಣೆ ಪತ್ರ, ಎರಡು ಲಕೋಟೆ ಕೊಡುತ್ತಾರೆ. ಮತದಾರರು ಮರೆಯಲ್ಲಿ ಕೂತು, ಬೇಕಾದವರ ಹೆಸರಿನ ಮುಂದೆ ಗುರುತು ಹಾಕಿ, ಮತಪತ್ರವನ್ನು ಚಿಕ್ಕ ಲಕೋಟೆಗೆ ಹಾಕಿ ಅಂಟಿಸಬೇಕು. ಘೋಷಣೆ ಪತ್ರಕ್ಕೆ ಸಹಿ ಆಗಿ, ಅಧಿಕಾರಿ ದೃಢೀಕರಿಸಿದ ಮೇಲೆ, ಚಿಕ್ಕ ಲಕೋಟೆ ಮತ್ತು ಘೋಷಣೆ ಎರಡನ್ನೂ ದೊಡ್ಡ ಲಕೋಟೆಗೆ ಹಾಕಿ ಅಂಟಿಸಿ ತಂಡದ ಕೈಗೆ ಕೊಡಬೇಕು. ಅಂಚೆ ಕಚೇರಿಗೆ ಹೋಗುವ ಕೆಲಸ ಇಲ್ಲ.

ಅಂಚೆ ಮತ ತಿರಸ್ಕಾರ ಆಗುವುದು ಹೆಚ್ಚಾಗಿ ಸಣ್ಣ ಕಾರಣಗಳಿಗೆ. ಘೋಷಣೆ ಪತ್ರವನ್ನು ಮತಪತ್ರದ ಜೊತೆ ಒಳಗಿನ ಲಕೋಟೆಗೆ ಹಾಕಿಬಿಡುತ್ತಾರೆ. ಘೋಷಣೆಗೆ ಸಹಿ ಬಿಟ್ಟುಹೋಗಿರುತ್ತದೆ. ಇಬ್ಬರ ಮುಂದೆ ಗುರುತು ಬಿದ್ದಿರುತ್ತದೆ. ಇಲ್ಲವೇ ಅಭ್ಯಾಸಬಲದಿಂದ ಮತಪತ್ರದ ಮೇಲೆಯೇ ಸಹಿ ಮಾಡಿರುತ್ತಾರೆ. ಮತ ಯಾರದ್ದು ಅಂತ ತಿಳಿಯುವ ಯಾವ ಗುರುತು ಇದ್ದರೂ ಅದು ಅಸಿಂಧು. ನಿಧಾನವಾಗಿ ಮಾಡಲಿ. ತಂಡಕ್ಕೆ ಇನ್ನೂ ಹತ್ತು ಮನೆಗೆ ಹೋಗಬೇಕು ಎಂಬ ಅವಸರ ಇರಬಹುದು, ಮತದಾರರಿಗೆ ಬೇಕಾಗಿಲ್ಲ. ಅಂದ ಹಾಗೆ, ನೋಟಾ ಈ ಮತಪತ್ರದಲ್ಲೂ ಇರುತ್ತದೆ.

ಇನ್ನು ಗುಟ್ಟಿನ ಮಾತು. ಮತಗಟ್ಟೆಯಲ್ಲಿ ಮರೆ ಹಿಂದೆ ಹೋದರೆ ಮಗ ಹಿಂದೆ ಬರಲು ಆಗುವುದಿಲ್ಲ. ಮನೆಯಲ್ಲಿ ಹಾಗಲ್ಲ. ಮಂಚದ ಪಕ್ಕ ನಿಂತು "ಇಲ್ಲಿ ಹಾಕಜ್ಜಿ" ಎನ್ನುವುದು ಬಹಳ ಸುಲಭ. ಪ್ರೀತಿಯಿಂದ ಹೇಳಿದರೂ ಅದು ತಪ್ಪೇ. ತಂಡ ಬಂದ ಮೇಲೆ ಮನೆಯವರೆಲ್ಲ ಪಕ್ಕದ ಕೋಣೆಗೆ ಹೋಗಿಬಿಡಿ. ಅಧಿಕಾರಿಗಳು ಹೇಳುವವರೆಗೆ ಕಾಯಬೇಡಿ. ಮತ ಹಾಕುವ ಕ್ಷಣವನ್ನು ವಿಡಿಯೊದವರೂ ತೆಗೆಯುವಂತಿಲ್ಲ.

ಕಣ್ಣು ಕಾಣದಿದ್ದರೆ ಅಥವಾ ಕೈಯಿಂದ ಗುರುತು ಹಾಕಲು ಆಗದಿದ್ದರೆ ಮಾತ್ರ ಒಬ್ಬ ವಯಸ್ಕರ ಸಹಾಯ ಪಡೆಯಬಹುದು. ಆ ಒಬ್ಬರು ಯಾರು ಅಂತ ಮತದಾರರೇ ಹೇಳಬೇಕು. ಓದು ಬರದು ಎಂಬುದು ಸಹಾಯಕ್ಕೆ ಕಾರಣ ಆಗುವುದಿಲ್ಲ. ಮರೆವಿನ ಕಾಯಿಲೆ ಇರುವವರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅವರಿಗೆ ಇವತ್ತು ಯಾರಿಗೆ ಹಾಕಬೇಕು ಅಂತ ಸ್ವಂತ ಇಷ್ಟ ಇದ್ದರೆ ಹಾಕಲಿ. ಇಲ್ಲದಿದ್ದರೆ ಅವರ ಮತವನ್ನು ನಾವು ಹಾಕುವುದು ಬೇಡ.

ಮತಗಟ್ಟೆ ಎಂದಾದರೆ

ಚುನಾವಣಾ ಆಯೋಗದ ಆ್ಯಪ್‌ನಲ್ಲಿ ಅಂಗವೈಕಲ್ಯ ಇರುವವರು, ಹಿರಿಯರು ಗಾಲಿಕುರ್ಚಿ, ವಾಹನದ ನೆರವು ಮೊದಲೇ ಕೇಳಬಹುದು. ಆ್ಯಪ್ ಬಾರದಿದ್ದರೆ ಬಿಎಲ್‌ಒಗೆ ಹೇಳಿ. ಹಿಂದಿನ ದಿನ ನೀವೇ ಒಮ್ಮೆ ಮತಗಟ್ಟೆಗೆ ಹೋಗಿ ಇಳಿಜಾರು ಎಲ್ಲಿದೆ, ಕಾರು ಎಲ್ಲಿಯವರೆಗೆ ಹೋಗುತ್ತದೆ ನೋಡಿ ಬನ್ನಿ. ಶಾಲೆ ಒಂದೇ ಆದರೂ ಕೊಠಡಿ ಬದಲಾಗಿರಬಹುದು.

ಬೆಳಗ್ಗೆ 7ಕ್ಕೇ ಹೋಗುವುದು ಒಳ್ಳೆಯದು. ಹಿರಿಯರು, ಅಂಗವೈಕಲ್ಯ ಇರುವವರು ಸಾಲಿನಲ್ಲಿ ಕಾಯಬೇಕಾಗಿಲ್ಲ, ನೇರವಾಗಿ ಮುಂದೆ ಹೋಗಬಹುದು. ಅಲ್ಲಿರುವ ಸಿಬ್ಬಂದಿಗೆ ಹೇಳಿದರೆ ಸಾಕು, ಸಂಕೋಚ ಬೇಡ. ಕಣ್ಣು ಕಾಣದವರಿಗೆ ಮತಯಂತ್ರದ ಗುಂಡಿಗಳ ಪಕ್ಕ ಬ್ರೈಲ್ ಅಂಕಿಗಳಿವೆ. ಬೇಕಿದ್ದರೆ ಇಲ್ಲಿಯೂ ಒಬ್ಬ ಸಹಾಯಕರನ್ನು ಕರೆದುಕೊಂಡು ಹೋಗಬಹುದು. ಆದರೆ ಒಬ್ಬರು ಆ ದಿನ ಒಬ್ಬ ಮತದಾರರಿಗೆ ಮಾತ್ರ ಸಹಾಯಕರಾಗಬಹುದು. ಅಜ್ಜ ಅಜ್ಜಿ ಇಬ್ಬರಿಗೂ ಬೇಕಾದರೆ ಇಬ್ಬರು ಹೋಗಿ.

ವೋಟರ್ ಐಡಿ ಸಿಗದಿದ್ದರೆ ಆಧಾರ್, ಪಾಸ್‌ಪೋರ್ಟ್, ಚಾಲನಾ ಪರವಾನಗಿ, ಪ್ಯಾನ್, ಫೋಟೊ ಇರುವ ಬ್ಯಾಂಕ್ ಅಥವಾ ಅಂಚೆ ಕಚೇರಿ ಪಾಸ್‌ಬುಕ್, ನರೇಗಾ ಜಾಬ್ ಕಾರ್ಡ್, ಫೋಟೊ ಇರುವ ಪಿಂಚಣಿ ದಾಖಲೆ, ಅಂಗವಿಕಲರ ಯುಡಿಐಡಿ ಕಾರ್ಡ್, ಇವುಗಳಲ್ಲಿ ಒಂದು ಸಾಕು. ಮನೆಗೆ ಬಂದು ಕೊಡುವ ಮತದಾರರ ಮಾಹಿತಿ ಚೀಟಿ ಗುರುತಿನ ದಾಖಲೆ ಅಲ್ಲ.

ಕೆಲಸದ ಮೇಲೆ ಇರುವವರು

ಚುನಾವಣಾ ಕೆಲಸಕ್ಕೆ ಹಾಕಿದ ಶಿಕ್ಷಕರು, ನೌಕರರು ಮೊದಲ ತರಬೇತಿಯಲ್ಲೇ ಈ ವಿಷಯ ಕೇಳಿ. ನಿಮ್ಮ ಮತ ಇರುವ ಕ್ಷೇತ್ರದೊಳಗೇ ಕೆಲಸ ಬಿದ್ದರೆ ಇಡಿಸಿ, ಅಂದರೆ ಚುನಾವಣಾ ಕರ್ತವ್ಯ ಪ್ರಮಾಣಪತ್ರ ಪಡೆಯಿರಿ. ಕೆಲಸ ಮಾಡುವ ಮತಗಟ್ಟೆಯಲ್ಲೇ ಮತಯಂತ್ರದಲ್ಲಿ ಮತ ಹಾಕಬಹುದು. ಬೇರೆ ಕ್ಷೇತ್ರಕ್ಕೆ ಹಾಕಿದರೆ ನಮೂನೆ 12 ಕೊಟ್ಟು ಅಂಚೆ ಮತಪತ್ರ ಪಡೆಯಬೇಕು. 2023ರ ತಿದ್ದುಪಡಿಯ ನಂತರ ಈ ಮತಪತ್ರವನ್ನು ಮನೆಗೆ ತೆಗೆದುಕೊಂಡು ಹೋಗಿ ಆಮೇಲೆ ಕಳುಹಿಸುವಂತಿಲ್ಲ. ಚುನಾವಣಾ ಸಿಬ್ಬಂದಿಗೆ ಮತ ಹಾಕಲು ತೆರೆಯುವ ಸೌಲಭ್ಯ ಕೇಂದ್ರದಲ್ಲೇ ಪಡೆದು, ಅಲ್ಲೇ ಮತ ಹಾಕಿ, ಅಲ್ಲೇ ಕೊಟ್ಟು ಬರಬೇಕು. ಎರಡರಲ್ಲಿ ಆಯ್ಕೆ ಇದ್ದರೆ ಇಡಿಸಿಯೇ ಒಳ್ಳೆಯದು.

ಅಗತ್ಯ ಸೇವೆಗಳಲ್ಲಿ ಇರುವವರಿಗೂ ನಮೂನೆ 12ಡಿಯೇ. ಆ ದಿನ ಕರ್ತವ್ಯದಲ್ಲಿ ಇರುತ್ತೀರಿ ಎಂದು ಇಲಾಖೆಯ ನೋಡಲ್ ಅಧಿಕಾರಿ ದೃಢೀಕರಿಸಬೇಕು. ಇವರ ಮನೆಗೆ ತಂಡ ಬರುವುದಿಲ್ಲ. ಅಂಚೆ ಮತದಾನ ಕೇಂದ್ರ ಸತತ ಮೂರು ದಿನ ಬೆಳಗ್ಗೆ 9ರಿಂದ ಸಂಜೆ 5ರವರೆಗೆ ತೆರೆದಿರುತ್ತದೆ, ಅಲ್ಲಿಗೆ ಹೋಗಬೇಕು. ನಿಮ್ಮ ಪಾಳಿ ಮಧ್ಯಾಹ್ನ ಶುರುವಾಗುವುದಾದರೆ ಬೆಳಗ್ಗೆ ಮತಗಟ್ಟೆಗೆ ಹೋಗುವುದೇ ಸರಳ. 12ಡಿ ಕೊಟ್ಟು ಆ ಮೂರು ದಿನ ಹೋಗದಿದ್ದರೆ ಎರಡೂ ಕಡೆ ಮತ ತಪ್ಪಿತು.

ಸೈನಿಕರಿಗೆ ಮತಪತ್ರ ಆನ್‌ಲೈನ್‌ನಲ್ಲಿ ಬರುತ್ತದೆ. ಮುದ್ರಿಸಿ, ಗುರುತು ಹಾಕಿ, ಅಂಚೆಯಲ್ಲಿ ಕಳುಹಿಸಬೇಕು. ಎಣಿಕೆ ಶುರುವಾಗುವ ಮೊದಲು ಚುನಾವಣಾಧಿಕಾರಿಗೆ ತಲುಪದಿದ್ದರೆ ಲೆಕ್ಕಕ್ಕಿಲ್ಲ. ದೂರದ ಗಡಿಯಿಂದ ಬರುವ ಅಂಚೆ ಎಷ್ಟು ದಿನ ಹಿಡಿಯುತ್ತದೆ ಎಂದು ಅವರಿಗೇ ಚೆನ್ನಾಗಿ ಗೊತ್ತು. ಮತಪತ್ರ ಬಂದ ದಿನವೇ ಕಳುಹಿಸುವುದು ಒಳ್ಳೆಯದು.

ಆಯ್ಕೆ ಇಲ್ಲದವರು

ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾ ಮತ ಮಾತ್ರ ಊರಲ್ಲಿ ಇಟ್ಟುಕೊಂಡವರಿಗೆ ಅಂಚೆ ಮತ ಇಲ್ಲ. ಬಸ್ ಹತ್ತಬೇಕು, ಇಲ್ಲಾ ನಮೂನೆ 8 ಕೊಟ್ಟು ಈಗ ಇರುವ ವಿಳಾಸಕ್ಕೆ ಹೆಸರು ವರ್ಗಾಯಿಸಿಕೊಳ್ಳಬೇಕು. ನಾಮಪತ್ರ ಸಲ್ಲಿಕೆಯ ಕೊನೆ ದಿನ ದಾಟಿದರೆ ಪಟ್ಟಿಯಲ್ಲಿ ಏನೂ ಬದಲಾಗುವುದಿಲ್ಲ. ಊರಿಗೆ ಹೋಗುವವರಿಗೆ ಮತದಾನದ ದಿನ ಸಂಬಳ ಸಹಿತ ರಜೆ ಕೊಡಬೇಕೆಂದು ಪ್ರಜಾಪ್ರತಿನಿಧಿ ಕಾಯ್ದೆಯ 135ಬಿ ಕಲಂ ಹೇಳುತ್ತದೆ, ಖಾಸಗಿ ಕಂಪನಿಯಾದರೂ ಅಷ್ಟೇ.

ವಿದೇಶದಲ್ಲಿ ಇರುವ ಭಾರತೀಯ ಪ್ರಜೆಗಳು ನಮೂನೆ 6ಎ ಮೂಲಕ ಹೆಸರು ಸೇರಿಸಬಹುದು. ಆದರೆ ಮತ ಹಾಕಲು ಮೂಲ ಪಾಸ್‌ಪೋರ್ಟ್ ಹಿಡಿದು ಖುದ್ದಾಗಿ ಇಲ್ಲಿಗೇ ಬರಬೇಕು.

ತಂಡ ಬರದಿದ್ದರೆ

ಮನೆ ಮತದಾನ ಮತದಾನದ ಹಿಂದಿನ ದಿನದೊಳಗೆ ಮುಗಿಯಬೇಕು. ಹೇಳಿದ ದಿನ ತಂಡ ಬರದಿದ್ದರೆ ಸಂಜೆಯವರೆಗೆ ಕಾದು ಸುಮ್ಮನಾಗಬೇಡಿ. ಬಿಎಲ್‌ಒಗೆ, ಆಮೇಲೆ 1950ಕ್ಕೆ, ಆಮೇಲೆ ತಾಲ್ಲೂಕು ಕಚೇರಿಯ ಚುನಾವಣಾ ಶಾಖೆಗೆ ಅವತ್ತೇ ಫೋನ್ ಮಾಡಿ, ಸ್ವೀಕೃತಿ ಚೀಟಿಯ ವಿವರ ಹೇಳಿ. ನೀವೇ ಆಸ್ಪತ್ರೆಗೆ ಹೋಗಿದ್ದರಿಂದ ತಂಡ ವಾಪಸ್ ಹೋಗಿದ್ದರೆ, ಎರಡನೇ ಭೇಟಿ ಯಾವಾಗ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಆ ದಿನ ಆಸ್ಪತ್ರೆಯ ಅಪಾಯಿಂಟ್‌ಮೆಂಟ್ ಇದ್ದರೆ ಸಾಧ್ಯವಾದರೆ ಮುಂದಕ್ಕೆ ಹಾಕಿಸಿ. ಮೂರನೇ ಭೇಟಿ ಇರುವುದಿಲ್ಲ.